ಪುಣೆ ವೆಂಕಟರಮಣ ಎಂಬ ಹೆಸರಿನ ಕೆಳಗೆ

"ಕೈ ಎತ್ತು ಸುನಂದಾ! ಇನ್ನೊಂದು ಅಕ್ಷರ ಮುಟ್ಟಬೇಡ," ಎಂದರು ಜಾನಕಮ್ಮ.

ಸುನಂದ ಬೆಚ್ಚಿಬಿದ್ದು ಕೀಬೋರ್ಡಿನಿಂದ ಎರಡೂ ಕೈ ಎತ್ತಿದಳು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆದ್ದಪ್ಪ ಲೋಟದ ಸಮೇತ ಎದ್ದು ನಿಂತರು.

"ಏಮಮ್ಮಾ, ಸಿಕ್ಕಿತಾ?"

"ಏನೂ ಸಿಕ್ಕಿಲ್ಲ, ಕೂತ್ಕೊಳ್ಳಿ. ಇವಳು ಪಟ್ಟೀನ ಮೇಲಕ್ಕೂ ಕೆಳಕ್ಕೂ ಓಡಿಸ್ತಾ ಇದ್ದಾಳೆ. ನನ್ನ ಕನ್ನಡಕ ಅಷ್ಟು ಜೋರಾಗಿ ಓಡಲ್ಲ."

ಶಿವಾರಪಟ್ಟಣದ ಕೋದಂಡಾಚಾರಿಗಳ ಮನೆಯ ಮುಂದಿನ ಕೋಣೆ ಅದು. ಒಂಬತ್ತು ತಿಂಗಳು ಕೂತು ಕಡೆದಿದ್ದ ಐದಡಿಯ ವೇಣುಗೋಪಾಲ ಶನಿವಾರ ಬೆಳಿಗ್ಗೆ ಇದೇ ಮನೆಯ ಅಂಗಳದಿಂದ ಲಾರಿ ಹತ್ತಿ ಹೋಗಿದ್ದ. ಇವತ್ತು ಬುಧವಾರ. ಅವನು ಎಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಲಾರಿ ಕಳಿಸುತ್ತೇವೆ, ವಿಗ್ರಹ ಕೊಟ್ಟುಬಿಡಿ ಎಂದು ಇಮೇಲ್ ಬಂದಿತ್ತು. ವಿಗ್ರಹ ಮಾಡಿಸಿದ್ದ ಪುಣೆಯ ದೇವಸ್ಥಾನ ಸಮಿತಿಯ ಕಾರ್ಯದರ್ಶಿ ವೆಂಕಟರಮಣ ಅವರ ಹೆಸರಿನಲ್ಲೇ ಬಂದಿತ್ತು. ಆದರೆ ಸೋಮವಾರ ಅದೇ ವೆಂಕಟರಮಣ ಫೋನ್ ಮಾಡಿ, "ನಾನು ಲಾರಿಯನ್ನೂ ಕಳಿಸಿಲ್ಲ, ಇಮೇಲನ್ನೂ ಕಳಿಸಿಲ್ಲ. ಶುಕ್ರವಾರ ನಾವೇ ಬರ್ತಾ ಇದ್ದೀವಿ," ಎಂದಿದ್ದರು.

ಆ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವವಳು ಒಬ್ಬಳೇ. ಆಚಾರಿಗಳ ಮಗಳು ಸುನಂದ. ಮೂರು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಊರಿನವರು ಕಟ್ಟೆಯ ಮೇಲೆ ಕೂತು ಅವಳ ಬಗ್ಗೆ ಏನು ಮಾತಾಡುತ್ತಿದ್ದರೆಂದು ಅವಳಿಗೆ ಕೇಳಿಸಿತ್ತು.

"ಸಾಯಂಕಾಲದೊಳಗೆ ದೂರು ಬರೀಬೇಕು ಅಂತ ಇನ್ಸ್‌ಪೆಕ್ಟರ್ ಹೇಳಿದ್ದಾರೆ ಅಮ್ಮ," ಎಂದು ಪೆದ್ದಪ್ಪ ದನಿ ಇಳಿಸಿದರು. "ಯಾರ ಮೇಲೆ ಅನುಮಾನ ಅಂತ ಒಂದು ಕಾಲಂ ಇರ್ತದೆ. ಅಲ್ಲಿ ಈ ಮಗು ಹೆಸರು ಬರೆಯೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ನಿಮ್ಮನ್ನ ಮುಳಬಾಗಿಲಿನಿಂದ ಎಬ್ಬಿಸಿಕೊಂಡು ಬಂದಿದ್ದು."

ಜಾನಕಮ್ಮನಿಗೆ ಅರವತ್ತು ತುಂಬಿ ಎರಡು ತಿಂಗಳಾಗಿತ್ತು. ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿದ್ದು, ಕೊನೆಯ ಒಂಬತ್ತು ವರ್ಷ ಮುಳಬಾಗಿಲಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತರಾಗಿದ್ದರು. ಊರಿಗೆಲ್ಲ ಅವರು ಪೋಸ್ಟಮ್ಮ. ಕವರು ನೋಡಿದ ಕೂಡಲೇ ಇದು ಅತ್ತೆ ಸೊಸೆಗೆ ಬರೆದದ್ದು, ಇದು ಸೊಸೆ ತವರಿಗೆ ಬರೆದದ್ದು ಎಂದು ಹೇಳಬಲ್ಲ ಹೆಂಗಸು. ಕಂಪ್ಯೂಟರನ್ನು ಮಾತ್ರ ಇಷ್ಟು ಹತ್ತಿರದಿಂದ ನೋಡುತ್ತಿದ್ದದ್ದು ಇದೇ ಮೊದಲು.

ಅವರಿಗೆ ಅದು ಇಷ್ಟವಾಗಿಹೋಗಿತ್ತು. ಕಾಗದಗಳೆಲ್ಲ ಸಾಲಾಗಿ, ಒಂದರ ಕೆಳಗೊಂದು, ಎಡಕ್ಕೆ ಬರೆದವರ ಹೆಸರು, ನಡುವೆ ವಿಷಯ, ಬಲಕ್ಕೆ ತಾರೀಕು. ವಿಂಗಡಿಸುವ ಕೆಲಸ ತಾನೇ ಮಾಡಿಕೊಳ್ಳುವ ಅಂಚೆ ಕಚೇರಿ!

"ಈಗ ನಿಧಾನಕ್ಕೆ ಹೇಳು. ಎಡಗಡೆ ಇರೋ ಹೆಸರುಗಳು. ಇದು ಸೇಲಂ ಷಣ್ಮುಗಂ. ಇದು ಗ್ರಾನೈಟ್ ಅಂಗಡಿ ರಾಮಚಂದ್ರಪ್ಪ. ಇದು ಪುಣೆ ವೆಂಕಟರಮಣ. ಇಷ್ಟು ಚೆನ್ನಾಗಿ, ಊರಿನ ಸಮೇತ, ಅವರೇ ಬರ್ಕೊಂಡಿರ್ತಾರಾ?"

ಸುನಂದ ಮೂರು ದಿನದಲ್ಲಿ ಮೊದಲ ಬಾರಿಗೆ ಸ್ವಲ್ಪ ನಕ್ಕಳು.

"ಎಲ್ಲಿ ಬರ್ಕೋತಾರೆ ಪೋಸ್ಟಮ್ಮ! ಮೊದ್ಲು ಏನೇನೋ ಬರ್ತಿತ್ತು. ಷಣ್ಮುಗಂ ಅವ್ರು ತಮ್ಮ ಹೆಸರು ಟೈಗರ್ ಅಂತ ಇಟ್ಕೊಂಡಿದ್ರು. ರಾಮಚಂದ್ರಪ್ಪನವರದು ಅವರ ಮೊಮ್ಮಗ ಮಾಡಿಕೊಟ್ಟಿದ್ದು, ಅದ್ರಲ್ಲಿ ಯಾವ್ದೋ ಕ್ರಿಕೆಟ್ ಆಟಗಾರನ ಹೆಸರು. ಪುಣೆಯವರದು ಬರೀ ನಂಬರು. ಯಾರು ಬರೆದಿದ್ದು, ಯಾರು ಬರೆದಿದ್ದು ಅಂತ ಅಪ್ಪ ದಿನಾ ಪ್ರಾಣ ತಿಂತಿದ್ರು."

"ಆಮೇಲೆ?"

"ಆಮೇಲೆ ಇದ್ರಲ್ಲೇ ಒಂದು ವಿಳಾಸದ ಪುಸ್ತಕ ಇದೆ ಅಂತ ಗೊತ್ತಾಯ್ತು. ಒಬ್ಬೊಬ್ಬರ ಇಮೇಲ್ ವಿಳಾಸ ಹಾಕಿ, ಪಕ್ಕದಲ್ಲಿ ಅವರ ನಿಜವಾದ ಹೆಸರು ಬರೆದುಬಿಟ್ರೆ ಸಾಕು. ಅವ್ರು ತಮ್ಮನ್ನ ಟೈಗರ್ ಅಂತ ಕರ್ಕೊಳ್ಳಲಿ, ಸಿಂಹ ಅಂತ ಕರ್ಕೊಳ್ಳಲಿ, ನಮ್ಮ ಪಟ್ಟಿಯಲ್ಲಿ ನಾವು ಇಟ್ಟ ಹೆಸರೇ ಬರ್ತದೆ."

ಜಾನಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಅವರ ಮುಖ ಅರಳುತ್ತಿತ್ತು.

"ಇನ್ನೊಂದು ಸಲ ಹೇಳು."

"ನಾವು ಇಟ್ಟ ಹೆಸರೇ ಬರ್ತದೆ."

"ಅಂದ್ರೆ, ಕವರಿನ ಹಿಂದೆ 'ಇಂದ' ಅಂತ ಇರೋ ಕಡೆ ಬರೆಯೋರು ಕಾಗದ ಕಳಿಸಿದವರಲ್ಲ. ತೆಗೆದುಕೊಂಡವರು!"

ಪೆದ್ದಪ್ಪನಿಗೆ ಅರ್ಥವಾಗಲಿಲ್ಲ. "ಅದೇಂಟಮ್ಮಾ?"

"ಲಾರಿ ವಿಷಯದ ಕಾಗದ ತೆಗಿ ಸುನಂದಾ. ಹೆಸರು ನನಗೆ ಬೇಡ. ಹೆಸರಿನ ಕೆಳಗೆ ಏನಿದೆ, ಅದನ್ನ ತೋರಿಸು."

ಸುನಂದ ಆ ಸಾಲಿನ ಮೇಲೆ ಒತ್ತಿ, ಪುಣೆ ವೆಂಕಟರಮಣ ಎಂಬ ಹೆಸರಿನ ಮೇಲೆ ಮತ್ತೆ ಒತ್ತಿದಳು. ಚಿಕ್ಕ ಕಿಟಕಿಯೊಂದು ತೆರೆಯಿತು. ಅದರಲ್ಲಿ ವಿಳಾಸ ಇತ್ತು. ಅವಳು ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಪೋಸ್ಟಮ್ಮ, ಇದು ಪುಣೆಯವರದಲ್ಲ."

"ಓದು."

"ಯು, ಎಲ್, ಐ. ಆಮೇಲೆ ಎರಡು, ನಾಲ್ಕು, ಆರು."

"ಉಳಿ," ಎಂದರು ಜಾನಕಮ್ಮ. "ಉಳಿ ಇನ್ನೂರ ನಲವತ್ತಾರು."

ವಿಳಾಸದ ಪುಸ್ತಕ ತೆಗೆದು ನೋಡಿದಾಗ ಎಲ್ಲವೂ ಬಿಡಿಸಿಟ್ಟ ಹಾಗಾಯಿತು. ಪುಣೆ ವೆಂಕಟರಮಣ ಎಂಬ ಒಂದೇ ಹೆಸರಿನಡಿ ಎರಡು ವಿಳಾಸ. ಒಂದು ನಂಬರಿನದು, ನಿಜವಾದದ್ದು. ಇನ್ನೊಂದು ಆ 'ಉಳಿ' ವಿಳಾಸ. ಯಾವುದರಿಂದ ಕಾಗದ ಬಂದರೂ ಪಟ್ಟಿಯಲ್ಲಿ ಕಾಣುವ ಹೆಸರು ಒಂದೇ.

"ಇದನ್ನ ಪುಣೆಯಲ್ಲಿ ಕೂತು ಮಾಡೋಕಾಗಲ್ಲ," ಎಂದರು ಜಾನಕಮ್ಮ. "ಈ ಕುರ್ಚಿಯಲ್ಲಿ ಕೂತೇ ಮಾಡಬೇಕು. ನೀನು ಮಾಡಿದ್ಯಾ?"

"ನನ್ನಾಣೆ ಇಲ್ಲ."

"ಬೇರೆ ಯಾರು ಕೂತಿದ್ರು?"

ಸುನಂದ ಯೋಚಿಸಿದಳು. "ಮಾಲೂರಿನ ಕದಿರೇಶ. ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾನೆ. ಹೋದ ತಿಂಗಳು ವೈರಸ್ ತೆಗೀತೀನಿ ಅಂತ ಬಂದು ಒಂದು ಗಂಟೆ ಕೂತಿದ್ದ."

ಅಷ್ಟರಲ್ಲಿ ಹಿತ್ತಲಿನಿಂದ ಕೋದಂಡಾಚಾರಿಗಳು ಬಂದರು. ಉದ್ದನೆಯ ಆಳು, ಹುಬ್ಬಿನ ಮೇಲೂ ಕಲ್ಲಿನ ಪುಡಿ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಉಳಿಗಳ ಕಟ್ಟು.

"ಮಾಲೂರಿಗಾ? ನಾನೂ ಬರ್ತೀನಮ್ಮ. ಉಳಿಗೆ ಸಾಣೆ ಹಿಡಿಸಬೇಕಿತ್ತು," ಎಂದರು.

ಮನೆಯಿಂದ ಹೋದ ವಿಗ್ರಹದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಜಾನಕಮ್ಮ ಅದನ್ನು ಗಮನಿಸಿದರು, ಆದರೆ ಆ ಹೊತ್ತಿನಲ್ಲಿ ಮನಸ್ಸೆಲ್ಲ ಕದಿರೇಶನ ಮೇಲಿತ್ತು.

ಜೀಪಿನಲ್ಲಿ ಸುನಂದ ಜಾನಕಮ್ಮನ ಪಕ್ಕದಲ್ಲೇ ಕೂತಳು. ಲಕ್ಕೂರು ದಾಟುವ ಹೊತ್ತಿಗೆ ಜಾನಕಮ್ಮ ಚೀಲದಿಂದ ಎರಡು ನಿಪ್ಪಟ್ಟು ತೆಗೆದು ಅವಳ ಕೈಗಿಟ್ಟರು.

"ತಿನ್ನು. ತಪ್ಪು ಮಾಡದೇ ಇರೋರು ಯಾಕೆ ಉಪವಾಸ ಇರಬೇಕು?"

ಅವಳು ಎರಡನ್ನೂ ತಿಂದಳು. ಇನ್ನೊಂದನ್ನು ಕೇಳಿ ತೆಗೆದುಕೊಂಡಳು.

ಕದಿರೇಶನ ಸೆಂಟರ್ ಮಾಲೂರಿನ ಸ್ಟೇಷನ್ ರಸ್ತೆಯಲ್ಲಿ, ಹೂವಿನಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಪ್ಲೈವುಡ್ ಹಲಗೆಯಲ್ಲಿ ಮಾಡಿದ ನಾಲ್ಕು ಕ್ಯಾಬಿನ್. ಒಂದೊಂದಕ್ಕೂ ಅರ್ಧ ಬಾಗಿಲು. ಕೆಳಗೆ ಕೂತವರ ಪಾದ ಮಾತ್ರ ಕಾಣುತ್ತಿತ್ತು. ಬಾಗಿಲ ಪಕ್ಕದಲ್ಲಿ ಕದಿರೇಶನ ಸ್ವಂತ ಮೇಜು, ಅದರ ಮೇಲೆ ಅವನ ಸ್ವಂತ ಕಂಪ್ಯೂಟರ್.

ಕೋದಂಡಾಚಾರಿಗಳು ಮೇಲೆ ಬರಲಿಲ್ಲ. "ಮೊಣಕಾಲು ನೋವು. ನೀವು ಹೋಗಿ ಬನ್ನಿ," ಎಂದು ಜೀಪಿನಲ್ಲೇ ಉಳಿದರು.

"ರಂಡಿ ರಂಡಿ ಅಮ್ಮಾ!" ಎಂದು ಕದಿರೇಶ ತನ್ನ ತೆಲುಗಿನಲ್ಲೇ ಬರಮಾಡಿಕೊಂಡ. ಮೂವತ್ತರ ಆಸುಪಾಸು, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಯಿ ತುಂಬ ನಗು. ಹಿಂದೆ ಪೆದ್ದಪ್ಪನ ಖಾಕಿ ಕಂಡದ್ದೇ ನಗು ಅರ್ಧಕ್ಕಿಳಿಯಿತು. ಸುನಂದ ಕಂಡಾಗ ಪೂರ್ತಿ ಹೋಯಿತು.

"ಗಾಬರಿ ಬೇಡಪ್ಪ," ಎಂದು ಜಾನಕಮ್ಮ ಕುರ್ಚಿ ಎಳೆದುಕೊಂಡು ಅವನೆದುರೇ ಕೂತರು. "ನನಗೊಂದು ಇಮೇಲ್ ಕಳಿಸಬೇಕು. ನನಗೆ ಬರಲ್ಲ. ನೀನು ಟೈಪ್ ಮಾಡು, ನಾನು ಹೇಳ್ತೀನಿ."

"ಅಷ್ಟೇನಾ ಅಮ್ಮ? ಕ್ಯಾಬಿನ್ನಿಗೆ ಬನ್ನಿ, ಅಲ್ಲಿ..."

"ಬೇಡ. ನಿನ್ನ ಕಂಪ್ಯೂಟರಿನಲ್ಲೇ ಆಗಲಿ. ಗಾಳಿ ಇಲ್ಲೇ ಚೆನ್ನಾಗಿದೆ."

ಕದಿರೇಶ ಪೆದ್ದಪ್ಪನ ಕಡೆ ನೋಡಿದ. ಪೆದ್ದಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕ್ಯಾಲೆಂಡರ್ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಅವನು ಹೊಸ ಕಾಗದ ತೆರೆದ.

"ಯಾರಿಗಮ್ಮ?"

ಜಾನಕಮ್ಮ ಚೀಟಿ ತೆಗೆದರು. "ಯು."

ಕದಿರೇಶ ಒತ್ತಿದ.

"ಎಲ್."

ಅವನ ಬೆರಳು ಕೀಲಿಯ ಮೇಲೆ ನಿಂತಿತು. ಫ್ಯಾನಿನ ಕೆಳಗೆ ಕೂತಿದ್ದರೂ ಕಿವಿಯ ಪಕ್ಕ ಬೆವರು ಇಳಿಯಿತು.

"ಯಾಕಪ್ಪ, ಎಲ್ ಎಲ್ಲಿದೆ ಅಂತ ಮರೆತುಹೋಯ್ತಾ?"

"ಇಲ್ಲಮ್ಮ... ಕೀಬೋರ್ಡ್ ಸ್ವಲ್ಪ..."

ಸುನಂದ ಹಿಂದಿನಿಂದ ಬಗ್ಗಿ, ಅವನ ಭುಜದ ಮೇಲಿಂದ ಕೈ ಚಾಚಿ, ಎರಡು ಅಕ್ಷರ ತಾನೇ ಒತ್ತಿದಳು. ಎಲ್. ಐ.

ಉಳಿದ ಅಂಕಿಗಳನ್ನು ಒತ್ತುವ ಅಗತ್ಯವೇ ಬೀಳಲಿಲ್ಲ. ಆ ವಿಳಾಸ ಕದಿರೇಶನ ಪುಸ್ತಕದಲ್ಲೂ ಇತ್ತು. ಪರಿಚಯದವರು ಕಂಡ ಹಾಗೆ ಕಂಪ್ಯೂಟರ್ ತಾನಾಗಿಯೇ ಉಳಿದದ್ದನ್ನು ತುಂಬಿ, ಮೂರು ಅಕ್ಷರಗಳನ್ನು ಅಳಿಸಿ, ಅಲ್ಲಿ ಒಂದು ಹೆಸರು ಬರೆಯಿತು.

ಜಾನಕಮ್ಮ ಕಾಯುತ್ತಿದ್ದದ್ದು ಇದಕ್ಕೇ. ಶಿವಾರಪಟ್ಟಣದಲ್ಲಿ ಸುನಂದಳ ಕೈ ಎತ್ತಿಸುವ ಮೊದಲು, ಅವಳು ಸೇಲಮ್ಮಿಗೆ ಬರೆಯಲು ಹೋದಾಗ ಎರಡೇ ಅಕ್ಷರಕ್ಕೆ ಷಣ್ಮುಗಂ ಪ್ರತ್ಯಕ್ಷನಾದದ್ದನ್ನು ಅವರು ನೋಡಿದ್ದರು. ಕಳ್ಳ ಯಾರೇ ಆಗಲಿ, ಅವನ ಗೆಳೆಯನ ಪುಸ್ತಕದಲ್ಲಿ ನಿಜವಾದ ಹೆಸರೇ ಇರುತ್ತದೆ ಎಂದು ಅವರ ಲೆಕ್ಕ.

ಲೆಕ್ಕ ಸರಿಯಾಗಿತ್ತು. ಆದರೆ ಬಂದ ಹೆಸರು ಮಾತ್ರ ಅವರು ಎಣಿಸಿದ್ದಲ್ಲ.

ಕೋದಂಡಾಚಾರಿ, ಶಿವಾರಪಟ್ಟಣ.

ಕೆಳಗಿನ ಅಂಗಡಿಯವಳು ಸೇವಂತಿಗೆಯ ಮೊಳ ಕೂಗುವುದು ಕೇಳಿಸಿತು.

"ಸುಳ್ಳು," ಎಂದಳು ಸುನಂದ. "ಅಪ್ಪಂಗೆ ಇಂಗ್ಲಿಷ್ ಅಕ್ಷರಾನೇ ಬರಲ್ಲ."

"ಬರ್ತದೆ ಅಕ್ಕ," ಎಂದ ಕದಿರೇಶ ಸಣ್ಣ ದನಿಯಲ್ಲಿ. "ಆರು ತಿಂಗಳಿಂದ ಪ್ರತಿ ಮಂಗಳವಾರ ಇಲ್ಲಿ ಬಂದು ಕಲೀತಿದ್ದಾರೆ. ಮಗಳಿಗೆ ಹೇಳ್ಬೇಡ, ಒಂದಿನ ನಾನೇ ಅವಳಿಗೆ ಕಾಗದ ಬರೆದು ಆಶ್ಚರ್ಯ ಪಡಿಸ್ತೀನಿ ಅಂದ್ರು."

ಅವನು ತನ್ನ ಪಟ್ಟಿ ತೆರೆದು ತೋರಿಸಿದ. ಎಡಕ್ಕೆ ಕೋದಂಡಾಚಾರಿ, ಕೋದಂಡಾಚಾರಿ, ಕೋದಂಡಾಚಾರಿ ಎಂದು ಸಾಲು ಸಾಲು. ನಡುವೆ ವಿಷಯ: ನಮಸ್ಕಾರ. ಊಟ ಆಯಿತಾ. ಊಟ ಆಯಿತಾ. ಇವತ್ತು ಬಿಸಿಲು. ಊಟ ಆಯಿತಾ.

ಪೆದ್ದಪ್ಪ ಕ್ಯಾಲೆಂಡರ್ ಬಿಟ್ಟು ಬಂದು ಇಣುಕಿ, ಮೀಸೆಯಡಿ ನಕ್ಕರು.

"ಪುಣೆಯವರ ಹೆಸರಿನಡಿ ಇದನ್ನ ಸೇರಿಸಿದ್ದು ನೀನೇನಾ?" ಎಂದರು ಜಾನಕಮ್ಮ.

"ನಾನೇ ಅಮ್ಮ. ಆಚಾರಿಗಳು ಹೇಳಿದ್ರು, ಮಾಡಿದೆ. ಯಾಕೆ ಅಂತ ಕೇಳಿದ್ದಕ್ಕೆ, ಗುರುಗಳನ್ನ ಪ್ರಶ್ನೆ ಕೇಳ್ಬಾರ್ದು ಅಂದ್ರು. ನಾನು ಅವ್ರಿಗೆ ಗುರುನೋ, ಅವ್ರು ನನಗೋ, ಅದೇ ತಿಳೀಲಿಲ್ಲ."

ಸುನಂದ ಆಗಲೇ ಮೆಟ್ಟಿಲಿಳಿದಿದ್ದಳು. ಎರಡು ನಿಮಿಷದಲ್ಲಿ ತಂದೆಯ ತೋಳು ಹಿಡಿದುಕೊಂಡು ಮೇಲೆ ಬಂದಳು. ಆಚಾರಿಗಳ ಮೊಣಕಾಲು ಚೆನ್ನಾಗಿಯೇ ಇತ್ತು.

ಅವರು ಪರದೆಯ ಮೇಲಿದ್ದ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಕೂತುಬಿಟ್ಟರು.

"ಎಡಗಡೆ ಭುಜ," ಎಂದರು.

"ಏನಪ್ಪ?"

"ಎಲ್ಲಾ ಮುಗಿದ ಮೇಲೆ ಉಳಿ ಹಿಡಿದು ತಟ್ಟಿ ನೋಡಿದೆ ಕಣಮ್ಮ. ಅಡಿಯಿಂದ ಮುಡಿಯವರೆಗೂ ಗಂಟೆ ಹಾಗೆ ದನಿ ಕೊಡ್ತು. ಎಡಗಡೆ ಭುಜದಲ್ಲಿ ಮಾತ್ರ ದಬ್ ಅಂತು. ಒಳಗೆ ಸೀಳಿದೆ. ಕಣ್ಣಿಗೆ ಕಾಣಲ್ಲ. ಬೇರೆ ಯಾರಿಗೂ ಗೊತ್ತಾಗಲ್ಲ. ನನಗೆ ಗೊತ್ತು." ಅವರು ತಮ್ಮ ಅಂಗೈ ನೋಡಿಕೊಂಡರು. "ಅಂಥದ್ದನ್ನ ಗರ್ಭಗುಡೀಲಿ ಕೂರಿಸಿ, ಜನ ಕೈ ಮುಗಿಯೋದಾ? ನೀನು ಆಗಲೇ ವಿಗ್ರಹ ಸಿದ್ಧ ಅಂತ ಪುಣೆಗೆ ಬರೆದುಬಿಟ್ಟಿದ್ದೆ. ಮೂವತ್ತೆಂಟು ವರ್ಷದಲ್ಲಿ ಒಂದು ವಿಗ್ರಹಾನೂ ಸರಿಯಿಲ್ಲ ಅಂದವನಲ್ಲ ನಾನು. ಹೇಳೋಕೆ ಬಾಯಿ ಬರಲಿಲ್ಲ."

"ಅದಕ್ಕೆ ನೀವೇ ಕದ್ರಾ?" ಎಂದರು ಪೆದ್ದಪ್ಪ. ಅವರ ದನಿಯಲ್ಲಿ ಪೊಲೀಸನಿಗಿಂತ ಹೆಚ್ಚಾಗಿ ಅಭಿಮಾನಿ ಇದ್ದ.

"ಆವನಿ ಊರಲ್ಲಿ ನನ್ನ ಶಿಷ್ಯ ಆವಲಪ್ಪ ಇದ್ದಾನೆ. ಅವನ ಷೆಡ್ಡಿಗೆ ಕಳಿಸಿದೆ. ಕಳುವಾಯ್ತು ಅಂದ್ರೆ ಪುಣೆಯವರು ಮುಹೂರ್ತ ಮುಂದಕ್ಕೆ ಹಾಕ್ತಾರೆ. ಅಷ್ಟರಲ್ಲಿ ಹೊಸ ಕಲ್ಲಲ್ಲಿ ಇನ್ನೊಂದು ಕಡೀಬೇಕು ಅಂತ. ಕಲ್ಲೂ ಆರಿಸಿಟ್ಟಿದ್ದೀನಿ." ಅವರು ಮಗಳ ಕಡೆ ತಿರುಗಿದರು. "ನಿನ್ನ ಮೇಲೆ ಬರ್ತದೆ ಅಂತ ಹೊಳೀಲೇ ಇಲ್ಲ ಕಣೇ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ."

ಸುನಂದ ಸಿಟ್ಟಾಗಬೇಕೆಂದೇ ನಿಂತಿದ್ದಳು. ಆದರೆ ಅವಳ ಕಣ್ಣು ಪಟ್ಟಿಯ ಮೇಲೆ ಬಿದ್ದಿತ್ತು. ಊಟ ಆಯಿತಾ. ಊಟ ಆಯಿತಾ.

"ಆರು ತಿಂಗಳು ಕಲ್ತು ಇಷ್ಟೇನಾ ಬರೆಯೋದು?" ಎಂದಳು. ನಗುವೂ ಅಳುವೂ ಒಟ್ಟಿಗೇ ಬಂತು. "ಇನ್ಮೇಲೆ ಮನೇಲೇ ಹೇಳಿಕೊಡ್ತೀನಿ, ನಡೀರಿ."

ಜಾನಕಮ್ಮ ಚೀಲ ತೆಗೆದುಕೊಂಡು ಎದ್ದರು. ಪುಣೆಯವರಿಗೆ ನಿಜ ಹೇಳಿ ಕಾಲಾವಕಾಶ ಕೇಳುವುದು, ಆವನಿಗೆ ಹೋಗಿ ವೇಣುಗೋಪಾಲನನ್ನು ವಾಪಸ್ ತರುವುದು. ಇನ್ನುಳಿದದ್ದು ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಮುಳಬಾಗಿಲಿಗೆ ಹೊರಟುಬಿಡಬಹುದು ಎಂದು ಅವರಿಗೆ ಸ್ವಲ್ಪ ಬೇಸರವೂ ಆಯಿತು.

ಆಗ ಕದಿರೇಶನ ಕಂಪ್ಯೂಟರ್ ಟಿಂಗ್ ಎಂದಿತು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, ಹೊಸ ಸಾಲೊಂದು ಬಂದು ಕೂತಿತು. ಎಡಕ್ಕೆ ಹೆಸರು: ಕೋದಂಡಾಚಾರಿ, ಶಿವಾರಪಟ್ಟಣ.

ಎಲ್ಲರೂ ಕೋದಂಡಾಚಾರಿಗಳ ಕಡೆ ತಿರುಗಿದರು. ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ನಾನು ಇಲ್ಲೇ ಇದ್ದೀನಲ್ಲ," ಎಂದರು ಅವರು, ಯಾರೋ ತಮ್ಮನ್ನು ಸುಳ್ಳುಗಾರ ಎಂದ ಹಾಗೆ.

"ತೆಗಿ," ಎಂದರು ಜಾನಕಮ್ಮ.

ಸುನಂದ ತೆರೆದಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಅವಳು ಓದುತ್ತ ಹೋದ ಹಾಗೆ ದನಿ ಸಣ್ಣಗಾಯಿತು.

"ಕದಿರೇಶ, ನಿನ್ನ ಎದುರು ಕೂತಿರೋ ಪೋಸ್ಟಮ್ಮನಿಗೆ ಹೇಳು, ಆವನಿಗೆ ಹೋಗಿ ಪ್ರಯೋಜನ ಇಲ್ಲ. ಲಾರಿ ಆವನಿಗೆ ಹೋಗಲೇ ಇಲ್ಲ. ಅವಳನ್ನ ಮನೆಗೆ ಕಳಿಸು."

ಕೋದಂಡಾಚಾರಿಗಳ ಮುಖ ಬಿಳಿಚಿಕೊಂಡಿತು. "ತಲುಪಿತು ಅಂತ ಆವಲಪ್ಪನ ಕಾಗದ ಬಂದಿತ್ತಲ್ಲ! ನಾನೇ ಓದಿದೆ, ಪಟ್ಟಿಯಲ್ಲಿ ಅವನ ಹೆಸರೇ ಇತ್ತು..."

ಹೇಳುತ್ತಿದ್ದ ಹಾಗೇ ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ಅರ್ಥವಾಗಿ ಮಾತು ನಿಂತಿತು. ಅವರು ಪುಣೆಯವರ ಹೆಸರಿನಲ್ಲಿ ಆಡಿದ ಆಟವನ್ನೇ ಯಾರೋ ಅವರ ಮೇಲೆ ಆಡಿದ್ದರು.

ಜಾನಕಮ್ಮ ಮಾತ್ರ ಬೇರೆ ಒಂದು ಮಾತಿಗೆ ಅಂಟಿಕೊಂಡಿದ್ದರು. ಎದುರು ಕೂತಿರೋ ಪೋಸ್ಟಮ್ಮ. ಅವರು ಇಲ್ಲಿಗೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ.

"ಆಚಾರಿಗಳೇ, ನಿಮ್ಮ ಇಮೇಲ್ ಪಾಸ್‌ವರ್ಡ್ ಯಾರಿಗೆ ಗೊತ್ತು?" ಎಂದು ಪಿಸುಗುಟ್ಟಿದರು.

"ಯಾರಿಗೂ ಇಲ್ಲಮ್ಮ. ಮರೀಬಾರ್ದು ಅಂತ ಬರೆದಿಟ್ಟಿದ್ದೀನಿ ಅಷ್ಟೇ."

"ಎಲ್ಲಿ?"

"ಇಲ್ಲೇ. ನಾಲ್ಕನೇ ಕ್ಯಾಬಿನ್ನಿನ ಹಲಗೆ ಮೇಲೆ, ಪೆನ್ಸಿಲಲ್ಲಿ."

ಜಾನಕಮ್ಮ ನಿಧಾನವಾಗಿ ತಿರುಗಿದರು. ಮೂರು ಕ್ಯಾಬಿನ್ನುಗಳ ಕೆಳಗೆ ಏನೂ ಇರಲಿಲ್ಲ. ನಾಲ್ಕನೆಯದರ ಅರ್ಧ ಬಾಗಿಲ ಕೆಳಗೆ ಎರಡು ಪಾದಗಳಿದ್ದವು. ಹೆಂಗಸಿನ ಪಾದ. ಬೆರಳಲ್ಲಿ ಮೂರು ಸುತ್ತಿನ ಬೆಳ್ಳಿ ಕಾಲುಂಗುರ. ಒಳಗೆ ಕೀಬೋರ್ಡಿನ ಸದ್ದು ನಿಂತಿತ್ತು.

ಪೆದ್ದಪ್ಪ ಒಂದು ಹೆಜ್ಜೆ ಮುಂದಿಟ್ಟರು. ಸುನಂದ ಅವರಿಗಿಂತ ಮೊದಲು ಜಾನಕಮ್ಮನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಪೋಸ್ಟಮ್ಮ, ಆ ಕಾಲು ನಂಗೊತ್ತು," ಎಂದಳು.